ಮಿಲಿಟರಿ ಲಾರಿಯ ಹೊಗೆಯೂ ವ್ಯಾಪಾರದ ಅಮಾನತ್ತೂ

ಕಾಡಿನಿಂದ ಮರದ ದಿಮ್ಮಿ ಇಳಿಸುವ ಹಳೆ ಮಿಲಿಟರಿ ಲಾರಿಗಳನ್ನು ನಮ್ಮಲ್ಲಿ ಹೆಚ್ಚಿನವರು ಕಂಡವರೇ. ಜರ್ಮನಿಯ ಮ್ಯಾನ್ ಕಂಪೆನಿಯ ಪರವಾನಗಿಯಲ್ಲಿ ಜಬಲ್ಪುರದ ಸರಕಾರಿ ಕಾರ್ಖಾನೆ ಸೇನೆಗಾಗಿ ತಯಾರಿಸಿದ ‘ಶಕ್ತಿಮಾನ್’ ಅಂಥದ್ದೊಂದು. ಸೇನೆ ಹರಾಜು ಹಾಕಿದ ಮೇಲೆ ಇಂಥ ಗಾಡಿಗಳಿಗೆ ಎರಡನೆಯ ಆಯುಸ್ಸು.

ಹರಾಜಿನ ಗಾಡಿ ಎಷ್ಟೋ ಕಾಲ ನಿಂತಲ್ಲೇ ನಿಂತಿರುತ್ತದೆ. ಟ್ಯಾಂಕಿಯಲ್ಲಿ ನೀರು, ತುಕ್ಕು; ರಬ್ಬರ್ ಪೈಪಿನಲ್ಲಿ ಬಿರುಕು. ಸ್ಟಾರ್ಟ್ ಆಗಿ ಕೂಡಲೇ ಬಂದ್ ಆದರೆ ಪಂಪು ಬಿಚ್ಚಲು ಹೊರಡಬೇಡಿ. ಮೊದಲು ಟ್ಯಾಂಕಿ ತೊಳೆದು, ಫಿಲ್ಟರ್ ಬದಲಿಸಿ, ಏರ್ ತೆಗೆಯಿರಿ: ಫಿಲ್ಟರಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಕೈಪಂಪು ಒತ್ತಿ ಬಿಗಿಯಿರಿ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ನೋಡಿ. ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ.

ಈ ನೀಲಿ ಹೊಗೆಯಲ್ಲೇ ನಮ್ಮ ಮಾತಿರುವುದು. ದಪ್ಪ ಆಯಿಲ್ ಹಾಕಿ ಅದನ್ನು ನಾಲ್ಕು ದಿನ ಅಡಗಿಸಿ ಗಾಡಿ ಮಾರಿಬಿಡುವವರಿದ್ದಾರೆ. ಮದ್ರಸದಲ್ಲಿ ನಮ್ಮ ಬಳಿ ಕಲಿತು ಗ್ಯಾರೇಜು ಸೇರಿದ ಹುಡುಗನೊಬ್ಬ ಕೇಳಿದ: “ಉಸ್ತಾದ್, ಧನಿ ಹಾಗೆ ಮಾಡು ಅಂತಾರೆ. ನಾನೇನು ಮಾಡ್ಲಿ?”

ದೋಷ ಮುಚ್ಚಿಟ್ಟು ಮಾರುವುದು ಹರಾಮ್ ಎಂದು ಅವನಿಗೆ ಕಲಿಸಿದವರು ನಾವೇ. ಸಾಲ ಮಾಡಿ ಕೊಂಡವನ ಮನೆಯ ಅನ್ನ ಆ ಇಂಜಿನಿನಲ್ಲಿದೆ. ಆದರೆ ಕೆಲಸ ಹೋದೀತೆಂಬ ಹುಡುಗನ ಹೆದರಿಕೆಯೂ ಸುಳ್ಳಲ್ಲ. ಹಾಗಾಗಿ ಧನಿಗಳೇ, ಈ ಮಾತು ಮೊದಲು ನಿಮಗೆ: ದೋಷ ಹೇಳಿ, ಬೆಲೆ ಇಳಿಸಿ. ಬರಕತ್ ಅದರಲ್ಲೇ ಇದೆ.