ಎಕ್ಸೆಲ್‌ಗೆ ಗುಂಟೆ ಗೊತ್ತಿಲ್ಲ

ಪಹಣಿಯಲ್ಲಿ ವಿಸ್ತೀರ್ಣದ ಕಲಂ ನೋಡಿ. ಒಂದು ಎಕರೆ ಮೂವತ್ತು ಗುಂಟೆ ಜಮೀನಿದ್ದರೆ ಅಲ್ಲಿ 1.30 ಎಂದಿರುತ್ತದೆ, ಅದರ ಮುಂದೆ ಗುಂಟೆಗಿಂತ ಸಣ್ಣ ಅಳತೆಯಾದ ಆಣೆಗೆ ಇನ್ನೊಂದು ಚುಕ್ಕಿ. ಇಂಥ ಎರಡು ತುಂಡು ಜಮೀನನ್ನು ಎಕ್ಸೆಲ್‌ನಲ್ಲಿ ಕೂಡಿಸಿ ಎಂದು ಹೈಸ್ಕೂಲು ಮಕ್ಕಳಿಗೆ ಹೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ 2.6 ಎಂಬ ಉತ್ತರ ಬರುತ್ತದೆ. ಮನೆಗೆ ಹೋಗಿ ಅಜ್ಜನನ್ನು ಕೇಳಿದರೆ ಮೂರೂವರೆ ಎಕರೆ ಎನ್ನುತ್ತಾರೆ. ಅಜ್ಜ ಹೇಳಿದ್ದೇ ಸರಿ. ನಲವತ್ತು ಗುಂಟೆಗೆ ಒಂದು ಎಕರೆ. ಅರವತ್ತು ಗುಂಟೆಯಲ್ಲಿ ನಲವತ್ತು ಒಂದು ಎಕರೆಯ ಲೆಕ್ಕಕ್ಕೆ ಹೋದರೆ ಉಳಿಯುವುದು ಇಪ್ಪತ್ತು.

ಅಳತೆಗಳ ಪರಿವರ್ತನೆಯನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸಲು ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣದು. ಚುಕ್ಕಿ ಕಂಡಲ್ಲೆಲ್ಲ ದಶಮಾಂಶ ಇರುವುದಿಲ್ಲ ಎಂಬುದು ಕ್ರಿಕೆಟ್ ನೋಡುವ ಮಕ್ಕಳಿಗೆ ಹೊಸತೇನಲ್ಲ. 4.3 ಓವರಿಗೆ 4.3 ಓವರ್ ಸೇರಿದರೆ 9 ಓವರ್ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಅದೇ ಬುದ್ಧಿಯನ್ನು ಜಮೀನಿನ ಕಡೆಗೆ ತಿರುಗಿಸಿದರೆ ಮೇಷ್ಟ್ರ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಹೀಗೆ: ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ. ಮೂರನೆಯದರಲ್ಲಿ =ಎ2*40+ಬಿ2 ಎಂಬ ಸೂತ್ರ. ಎಲ್ಲವೂ ಗುಂಟೆಯಾದ ಮೇಲೆ ಕೂಡುವುದೋ ಕಳೆಯುವುದೋ ಮಾಡಲಿ. ಮತ್ತೆ ಎಕರೆಗೆ ತರಬೇಕಾದರೆ ನಲವತ್ತರಿಂದ ಭಾಗಿಸಬೇಕು: ಭಾಗಲಬ್ಧ ಎಕರೆ, ಶೇಷ ಗುಂಟೆ. ಶೇಷಕ್ಕೆಂದೇ ಸ್ಪ್ರೆಡ್‌ಶೀಟಿನಲ್ಲಿ ‘ಮಾಡ್’ ಎಂಬ ಫಂಕ್ಷನ್ ಇದೆ. ಪ್ರೈಮರಿಯಲ್ಲಿ ಬಾಯಿಪಾಠ ಮಾಡಿ ಬಿಟ್ಟಿದ್ದ ಶೇಷಕ್ಕೆ ಇಲ್ಲಿ ಕೊನೆಗೂ ಒಂದು ಕೆಲಸ ಸಿಗುತ್ತದೆ. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಕಳೆಯುವ ಲೆಕ್ಕವನ್ನೂ ಕೊಡಿ. 3 ಎಕರೆ 10 ಗುಂಟೆಯಲ್ಲಿ 15 ಗುಂಟೆ ಖರಾಬು ಹೋದರೆ ಉಳಿಕೆ 2 ಎಕರೆ 35 ಗುಂಟೆ. ಪಹಣಿಯ ಅಂಕಿಗಳನ್ನು ಇದ್ದಂತೆಯೇ ಕಳೆದವನಿಗೆ 2.95 ಬರುತ್ತದೆ. 95 ಗುಂಟೆಯ ಪಹಣಿ ಯಾವ ತಾಲ್ಲೂಕು ಕಚೇರಿಯಲ್ಲೂ ಸಿಗದು.

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಇದನ್ನು ಚದರ ಮೀಟರಿಗೆ ತರುವಾಗ ಎಡವದ ತರಗತಿ ಅಪರೂಪ. ಅಡಿಗೆ 0.3048 ಮೀಟರ್ ಎಂಬುದು ಗೊತ್ತಿರುತ್ತದೆ, ಅದರಿಂದಲೇ ಚದರ ಅಡಿಯನ್ನೂ ಗುಣಿಸಿಬಿಡುತ್ತಾರೆ. 30×40 ಅಡಿಯ ಸೈಟು 1,200 ಚದರ ಅಡಿ, ಹಾಗಾಗಿ 365.76 ಚದರ ಮೀಟರ್! ಆಗ ತಪ್ಪೆಂದು ಗದರುವುದು ಬೇಡ. ಪಕ್ಕದ ಸಾಲಿನಲ್ಲಿ ಮೊದಲು ಬದಿಗಳನ್ನು ಮೀಟರಿಗೆ ತಂದು ಆಮೇಲೆ ಗುಣಿಸಲು ಹೇಳಿ. 9.144 ಗುಣಿಸು 12.192, ಉತ್ತರ 111.48. ಒಂದೇ ಸೈಟಿಗೆ ಎರಡು ವಿಸ್ತೀರ್ಣ ಹೇಗೆ ಎಂದು ಮಕ್ಕಳೇ ಜಗಳಕ್ಕೆ ನಿಲ್ಲುತ್ತಾರೆ. 0.3048ನ್ನು ಎರಡು ಸಲ ಗುಣಿಸಬೇಕಿತ್ತು ಎಂಬುದು ಆ ಜಗಳದಲ್ಲೇ ಹೊರಬೀಳುತ್ತದೆ.

ಪರಿವರ್ತನೆಯ ಅಂಕಿಯನ್ನು ಸೂತ್ರದೊಳಗೆ ಹುದುಗಿಸದೆ ಬೇರೊಂದು ಚೌಕದಲ್ಲಿ, ಮಗ್ಗುಲಲ್ಲಿ ಅದರ ಮಾನದ ಹೆಸರಿನೊಂದಿಗೆ ಬರೆಸಬೇಕು. ಸೂತ್ರವನ್ನು ಕೆಳಕ್ಕೆ ಎಳೆದಾಗ ಮೊದಲ ಸಾಲು ಸರಿಯಿದ್ದು ಮಿಕ್ಕವೆಲ್ಲ ಸೊನ್ನೆಯಾದರೆ, ಡಾಲರ್ ಚಿಹ್ನೆ ಹಾಕಿ ಆ ಚೌಕವನ್ನು ಕಟ್ಟಿಹಾಕಿಲ್ಲ ಎಂದರ್ಥ. ಅದೇನು ದೊಡ್ಡ ತಪ್ಪಲ್ಲ, ಸೊನ್ನೆ ಕಣ್ಣಿಗೆ ಹೊಡೆಯುತ್ತದೆ. ನೋಡಲು ಸರಿಯೆನಿಸುವ ತಪ್ಪು ಅಂಕಿ ಹಾಗಲ್ಲ.

ಕೆನಡಾದ 1983ರ ಪ್ರಕರಣವನ್ನೇ ತರಗತಿಗೆ ತನ್ನಿ. ದೇಶ ಮೆಟ್ರಿಕ್ ಪದ್ಧತಿಗೆ ಹೊರಳುತ್ತಿದ್ದ ಕಾಲ. ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನಕ್ಕೆ 22,300 ಕಿಲೋ ಇಂಧನ ಬೇಕಿತ್ತು. ಟ್ಯಾಂಕಿನಲ್ಲಿ ಆಗಲೇ 7,682 ಲೀಟರ್ ಇತ್ತು. ಲೆಕ್ಕ ಹಾಕಿದವರು ಲೀಟರಿಗೆ 1.77 ಎಂದು ಹಿಡಿದರು. ಆ ಅಂಕಿ ಪೌಂಡಿನದು, ಕಿಲೋ ಲೆಕ್ಕದಲ್ಲಿ ಸುಮಾರು 0.8 ಆಗಬೇಕಿತ್ತು. ಸಾವಿರಾರು ಅಡಿ ಎತ್ತರದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯವರೆಗೆ ವಿಮಾನವನ್ನು ತೇಲಿಸಿಕೊಂಡು ಬಂದು ಇಳಿಸಿದರು. ಯಾರೂ ಸಾಯಲಿಲ್ಲ.

ಈ ಲೆಕ್ಕ ಸ್ಪ್ರೆಡ್‌ಶೀಟಿನಲ್ಲಿ ನಾಲ್ಕೇ ಸಾಲು. ಒಂದು ಚೌಕದಲ್ಲಿ 1.77 ಇದ್ದರೆ ತುಂಬಬೇಕಾದ ಇಂಧನ 4,917 ಲೀಟರ್. ಅದನ್ನೇ 0.803 ಎಂದು ತಿದ್ದಿ ಎಂಟರ್ ಒತ್ತಿದರೆ 20 ಸಾವಿರ ಲೀಟರ್ ದಾಟುತ್ತದೆ. ಮಾನದ ಹೆಸರು ಬರೆಯದಿದ್ದರೆ ಏನಾಗುತ್ತದೆಂದು ಅರ್ಧ ಗಂಟೆ ಭಾಷಣ ಮಾಡುವುದಕ್ಕಿಂತ ಇದು ಮೇಲು.

ಇಷ್ಟಕ್ಕೆಲ್ಲ ‘ಕನ್ವರ್ಟ್’ ಎಂಬ ಸಿದ್ಧ ಫಂಕ್ಷನ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಪೌಂಡು, ಕಿಲೋ, ಎಕರೆ, ಹೆಕ್ಟೇರ್ ಎಲ್ಲ ಅದಕ್ಕೆ ಗೊತ್ತು. ಆದರೆ ಅದನ್ನು ಮೊದಲ ದಿನವೇ ತೋರಿಸಿದರೆ ಪಾಠ ಅಲ್ಲಿಗೇ ಮುಗಿಯುತ್ತದೆ. ಕೊನೆಗೆ, ತಾವೇ ಬರೆದ ಸೂತ್ರದ ಉತ್ತರವನ್ನು ತಾಳೆ ನೋಡಲು ತೋರಿಸಿದರೆ ಸಾಕು. ಮೇಲಾಗಿ ಗುಂಟೆ, ಆಣೆ ಅದರ ಪಟ್ಟಿಯಲ್ಲಿಲ್ಲ. ಸೇರು, ಕೊಳಗ, ಖಂಡುಗವಂತೂ ಊರಿಂದೂರಿಗೆ ಬೇರೆ ಬೇರೆ ಇದ್ದವು. ಮೆಟ್ರಿಕ್ ತೂಕಗಳು ದೇಶದಲ್ಲಿ 1958ರ ಅಕ್ಟೋಬರಿನಿಂದ ಜಾರಿಗೆ ಬರತೊಡಗಿದರೂ ನಮ್ಮ ಜಮೀನು ಮಾತ್ರ ಇನ್ನೂ ಗುಂಟೆಯಲ್ಲೇ ಇದೆ.

ಮೇಷ್ಟ್ರೇ, ಮುಂದಿನ ಲ್ಯಾಬ್ ಪಿರಿಯಡ್ಡಿಗೆ ಹೆಸರು, ಸರ್ವೆ ನಂಬರು ಮುಚ್ಚಿದ ಎರಡು ಪಹಣಿಯ ಜೆರಾಕ್ಸ್ ತನ್ನಿ. ದುಡ್ಡು ಕೊಟ್ಟು ಎಕ್ಸೆಲ್ ಕೊಳ್ಳಬೇಕೆಂದೇನಿಲ್ಲ, ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಸಾಕು.