ಮುಂಚಕ್ರದ ಒಳ ಅಂಚು: ಆಪಾದನೆ ಚಾಲಕನ ಮೇಲೆಯೇ?

ಮುಂಬಯಿಯ ದೊಡ್ಡ ಹೋಟೆಲುಗಳ ಬಾಗಿಲಲ್ಲಿ ನೆಲಕ್ಕೆ ತಗ್ಗಾಗಿ ಕುಳಿತ, ಅಗಲವಾದ ಟಯರುಗಳ ಸ್ಪೋರ್ಟ್ಸ್ ಕಾರುಗಳು ಇಂದು ಅಪರೂಪದ ನೋಟವಲ್ಲ. ಅವುಗಳನ್ನು ಒಯ್ದು ನಿಲ್ಲಿಸುವ ಕೆಲಸದಲ್ಲಿಯೂ ಧಣಿಗಳ ಮನೆಯ ಚಾಲಕವೃತ್ತಿಯಲ್ಲಿಯೂ ನಮ್ಮವರಿದ್ದಾರೆ. ಹೀಗಿರುವಲ್ಲಿ, ಮುಂದಿನ ಟಯರುಗಳು ಅಕಾಲದಲ್ಲಿ ಸವೆದಾಗ ಮೊದಲ ಆಪಾದನೆಯು ಚಾಲಕನ ತಲೆಗೇ ಬರುವುದುಂಟು. ಈ ಆಪಾದನೆ ಬಹುಮಟ್ಟಿಗೆ ನ್ಯಾಯವಾದುದಲ್ಲವೆಂಬುದನ್ನು ವಾಚಕರ ಅವಗಾಹನೆಗೆ ತರಬಯಸುತ್ತೇವೆ.

ಗಾಳಿ ಹೆಚ್ಚಾದರೆ ಟಯರಿನ ನಡುಭಾಗ ಸವೆಯುತ್ತದೆ; ಕಡಿಮೆಯಾದರೆ ಎರಡು ಅಂಚುಗಳೂ ಸವೆಯುತ್ತವೆ. ತಿರುವುಗಳಲ್ಲಿ ಬಿರುಸಾಗಿ ಓಡಿಸುವವನ ಗುರುತು ಸಾಮಾನ್ಯವಾಗಿ ಹೊರ ಅಂಚಿನ ಮೇಲೆ ಬೀಳುತ್ತದೆ. ಆದರೆ ಹೊರ ಅಂಚು ಹೊಸದರಂತೆಯೇ ಉಳಿದು ಒಳ ಅಂಚು ಮಾತ್ರ ಬೋಳಾದರೆ, ದೋಷವನ್ನು ಚಕ್ರ ನಿಂತಿರುವ ಕೋನದಲ್ಲಿ ಹುಡುಕತಕ್ಕದ್ದು.

ಈ ಕೋನಗಳಲ್ಲಿ ಮುಖ್ಯವಾದವು ಎರಡು. ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವುದಕ್ಕೆ ನೆಗೆಟಿವ್ ಕ್ಯಾಂಬರ್ ಎನ್ನುವರು. ತಿರುವಿನಲ್ಲಿ ಗಾಡಿ ಹೊರಕ್ಕೆ ಓಲಿದಾಗ ಟಯರು ನೆಲಕ್ಕೆ ಸಮವಾಗಿ ಕೂರಲೆಂದು ತಯಾರಕರೇ ಸ್ಪೋರ್ಟ್ಸ್ ಕಾರುಗಳಿಗೆ ಇದನ್ನು ತುಸು ಹೆಚ್ಚಾಗಿ ಕೊಡುತ್ತಾರೆ. ಎರಡನೆಯದು ಟೋ, ಮೇಲಿನಿಂದ ನೋಡಿದಾಗ ಮುಂಚಕ್ರಗಳ ಮೂಗು ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವುದು. ಜನರು ದೂರುವುದು ಕ್ಯಾಂಬರನ್ನು. ಟಯರನ್ನು ಬೇಗನೆ ತಿನ್ನುವುದು ಟೋ ದೋಷ. ಮೂಗುಗಳು ಹೊರಕ್ಕೆ ತಿರುಗಿದ್ದು, ಜೊತೆಗೆ ಕ್ಯಾಂಬರೂ ಇದ್ದರೆ, ಒಳ ಅಂಚಿಗೆ ಉಳಿಗಾಲವಿಲ್ಲ.

ಲೆಕ್ಕ ಹಾಕಿ ನೋಡೋಣ. ಟಯರಿನ ವ್ಯಾಸ 600 ಮಿಲಿಮೀಟರ್ ಎನ್ನಿ. ಎರಡು ಚಕ್ರಗಳ ನಡುವಿನ ಅಂತರ ಮುಂದುಗಡೆ ಹಿಂದುಗಡೆಗಿಂತ 3 ಮಿಲಿಮೀಟರ್ ಹೆಚ್ಚಾಗಿದೆ, ಅಂದರೆ ಚಕ್ರವೊಂದಕ್ಕೆ ಒಂದೂವರೆ ಮಿಲಿಮೀಟರ್. ಇಷ್ಟಕ್ಕೇ ಪ್ರತಿ ಕಿಲೋಮೀಟರಿಗೆ ಟಯರು ಸುಮಾರು ಎರಡೂವರೆ ಮೀಟರ್ ಅಡ್ಡಡ್ಡವಾಗಿ ಉಜ್ಜಲ್ಪಡುತ್ತದೆ. 10,000 ಕಿಲೋಮೀಟರ್ ಓಡುವಷ್ಟರಲ್ಲಿ ಅದು 25 ಕಿಲೋಮೀಟರ್ ಆಗುತ್ತದೆ! ರುಬ್ಬುವ ಕಲ್ಲನ್ನು ಬಲ್ಲ ನಮ್ಮವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ದುಡ್ಡಿನ ಪ್ರಶ್ನೆಗೆ ಬರೋಣ. ಜಪಾನಿನ ಮಾಜ್ದಾ ಎಂಎಕ್ಸ್-5 ಕಾರನ್ನು ನಿದರ್ಶನಕ್ಕೆ ತೆಗೆದುಕೊಳ್ಳುತ್ತೇವೆ. ನಮ್ಮ ದೇಶದಲ್ಲಿ ಆ ಕಂಪೆನಿಯ ವ್ಯಾಪಾರವಿಲ್ಲವಾದರೂ, 1989ರಲ್ಲಿ ಹೊರಬಂದ ಈ ಎರಡಾಸನದ ಗಾಡಿ ಲೋಕಪ್ರಸಿದ್ಧವಾದುದು. ಇದರ ಕ್ಯಾಂಬರ್ ಮುಂದೆ ಹಿಂದೆ ಎರಡು ಕಡೆಯೂ ಓರೆಬಿಲ್ಲೆಯ ಬೋಲ್ಟುಗಳನ್ನು ತಿರುಗಿಸಿ ಸರಿಪಡಿಸುವಂತಹದು. ಇಂಗ್ಲೆಂಡಿನಂತಹ ತೇವದ ದೇಶಗಳಲ್ಲಿ ಹಳೆಯ ಗಾಡಿಗಳ ಈ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಆಗ ಅವನ್ನು ಕೊಯ್ದು ತೆಗೆದು ರಬ್ಬರಿನ ಬುಷ್‌ಗಳನ್ನೂ ಹೊಸದಾಗಿ ಕೂರಿಸಬೇಕಾಗುತ್ತದೆ. ಒಂದು ಗಂಟೆಯ ಕೆಲಸ ಎರಡು ದಿನದ ಕೂಲಿಯಾಗಿ ಬೆಳೆಯುವುದು ಹೀಗೆ. ಅಂದಕ್ಕಾಗಿ ಗಿಡ್ಡ ಸ್ಪ್ರಿಂಗು ಹಾಕಿಸಿ ಗಾಡಿಯನ್ನು ತಗ್ಗಿಸುವ ಶೋಕಿಯೂ ಉಂಟು. ತಗ್ಗಿದೊಡನೆ ಕ್ಯಾಂಬರೂ ಟೋವೂ ಬದಲಾಗುತ್ತವೆ. ಸ್ಪ್ರಿಂಗಿಗೆ ಧಾರಾಳವಾಗಿ ಹಣ ಸುರಿದವರೇ ಅಲೈನ್‌ಮೆಂಟಿಗೆ ಕೈ ಹಿಡಿಯುವರು. ಅಗಲವಾದ ಒಂದು ಟಯರಿನ ಬೆಲೆಯೆದುರು ಆ ಖರ್ಚು ಅತ್ಯಲ್ಪವಾದುದು. ಇತ್ತೀಚಿನ ಕೆಲವು ಕಾರುಗಳಲ್ಲಿ ಕೋನ ತಿದ್ದಿದ ಬಳಿಕ ಗಾಜಿನ ಹಿಂದಿನ ಕ್ಯಾಮರಾವನ್ನೂ ಸರಿಹೊಂದಿಸಬೇಕಾಗಿ ಖರ್ಚು ಏರುವುದೂ ಉಂಟು.

ಇದು ಹಣದ ವಿಷಯವಷ್ಟೇ ಅಲ್ಲ. ತಗ್ಗು ಗಾಡಿಯಲ್ಲಿ ಒಳ ಅಂಚು ಕಣ್ಣಿಗೆ ಬೀಳುವುದಿಲ್ಲ. ಸವೆತದ ಮಿತಿಯಾದ 1.6 ಮಿಲಿಮೀಟರನ್ನು ತೋರಿಸುವ ದಿಂಡುಗಳಿರುವುದು ಮುಖ್ಯ ಗಾಡಿಗಳಲ್ಲಿ, ಅಂದರೆ ಟಯರಿನ ದೊಡ್ಡ ಸೀಳುಗಳಲ್ಲಿ; ಅಲ್ಲಿ ಎಲ್ಲವೂ ನೆಟ್ಟಗಿರುವಾಗಲೇ ಒಳಗಡೆ ತಂತಿ ಹೊರಬಿದ್ದಿರಬಹುದು. ಅಂತಹ ಟಯರು ವೇಗದಲ್ಲಿ ಒಡೆದರೆ ಒಳಗೆ ಕುಳಿತವನು ಚಾಲಕನೇ ತಾನೆ? ಆದುದರಿಂದ ಸ್ಟಿಯರಿಂಗನ್ನು ಪೂರ್ಣ ತಿರುಗಿಸಿ, ಗಾಡಿ ನಿಲ್ಲಿಸಿ, ಒಳ ಅಂಚನ್ನು ಬಗ್ಗಿ ನೋಡತಕ್ಕದ್ದು. ಅಂಗೈಯನ್ನು ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಅದು ಟೋ ದೋಷದ ಲಕ್ಷಣ.

ವರ್ಕ್‌ಶಾಪಿನಲ್ಲಿ ಮೊದಲು ಬಾಲ್ ಜಾಯಿಂಟ್, ಟೈ ರಾಡಿನ ತುದಿ, ಬುಷ್‌ಗಳ ಸಡಿಲವನ್ನು ಪರೀಕ್ಷಿಸುವಂತೆ ಕೇಳಬೇಕು. ಅವು ಸಡಿಲವಿದ್ದರೆ ಇಂದು ತಿದ್ದಿದ ಕೋನ ನಾಳೆ ಉಳಿಯದು. ಹಿಂಚಕ್ರಗಳನ್ನು ತಿದ್ದಿದ ನಂತರವೇ ಮುಂಚಕ್ರಗಳಿಗೆ ಕೈ ಹಾಕುವುದು ಸರಿಯಾದ ಕ್ರಮ. ತಿದ್ದುವ ಮೊದಲಿನ ಹಾಗೂ ನಂತರದ ಅಂಕಿಗಳುಳ್ಳ ಅಚ್ಚಾದ ಚೀಟಿಯನ್ನು ಯಂತ್ರವೇ ಕೊಡುತ್ತದೆ. ಅದರ ಒಂದು ಪ್ರತಿಯನ್ನು ಧಣಿಗೆ ಕೊಟ್ಟು, ಇನ್ನೊಂದನ್ನು ತಾರೀಖು ಮತ್ತು ಕಿಲೋಮೀಟರ್ ಬರೆದು ಚಾಲಕನು ತನ್ನ ಬಳಿ ಇರಿಸಿಕೊಳ್ಳಲಿ. ಸಂಬಳದಲ್ಲಿ ಟಯರಿನ ಹಣ ಮುರಿಯುವ ಮಾತು ಬಂದ ದಿನ ತೋರಿಸಲು ಅದು ಬೇಕಾಗುತ್ತದೆ.