ಫಾರ್ಮ್ಯಾಟ್ ಆದ ಮೇಲಿನ ಕೆಲಸ

ಹಳೆಯ ಡೆಸ್ಕ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕುವುದು ಈಗ ದೊಡ್ಡ ವಿದ್ಯೆಯೇನಲ್ಲ. ಪೆನ್‌ಡ್ರೈವ್ ಚುಚ್ಚಿ, ಕೇಳಿದ್ದಕ್ಕೆಲ್ಲ ನೆಕ್ಸ್ಟ್ ಒತ್ತುತ್ತ ಹೋದರೆ ಪರದೆ ಬಂದೇ ಬರುತ್ತದೆ. ಅಸಲಿ ಕೆಲಸ ಶುರುವಾಗುವುದು ಆಮೇಲೆ. ಸೌಂಡ್ ಇಲ್ಲ, ನೆಟ್ ಸಿಗುತ್ತಿಲ್ಲ, ಅಕ್ಷರಗಳು ದಪ್ಪದಪ್ಪ ಕಾಣುತ್ತವೆ, ಪ್ರಿಂಟರ್ ಮಾತು ಕೇಳುವುದಿಲ್ಲ, ನಿನ್ನೆವರೆಗೆ ಚೆನ್ನಾಗಿದ್ದ ಕನ್ನಡದ ಫೈಲು ತೆರೆದರೆ ಬರೀ ಗೀಚು. ಇದನ್ನೆಲ್ಲ ಒಂದೊಂದಾಗಿ ಬಿಡಿಸಿ ಸರಿಮಾಡುವ ಕಸುಬಿನವರು ನಮ್ಮ ಊರೂರಲ್ಲೂ ಇದ್ದಾರೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲೋ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೋ ಒಂದು ಮೇಜು, ಬಾಯಿ ತೆರೆದ ನಾಲ್ಕಾರು ಸಿಪಿಯು ಡಬ್ಬ, ಒಂದು ಬ್ಲೋವರ್. ಇವರ ಬಿಡಿಭಾಗದ ಕಣಜ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡು. ಕಂಪನಿಯೇ ಕೈಬಿಟ್ಟ ಮದರ್‌ಬೋರ್ಡು, ಡಿಡಿಆರ್3 ರ‍್ಯಾಮು, ಎಸ್‌ಎಂಪಿಎಸ್ಸು ಅಲ್ಲಿನ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತವೆ.

ಒಳ್ಳೆಯ ಕಸುಬುದಾರನನ್ನು ಗುರುತಿಸುವುದು ಅವನ ಮೊದಲ ಪ್ರಶ್ನೆಯಿಂದ. ‘ಸಾರ್, ಮೊದಲು ಫಾರ್ಮ್ಯಾಟ್ ಮಾಡಿಸಿದ್ದು ಯಾಕೆ?’ ಸಿಸ್ಟಮ್ ನಿಧಾನ ಆಗಿತ್ತು, ಹ್ಯಾಂಗ್ ಆಗುತ್ತಿತ್ತು ಎನ್ನುತ್ತಾರೆ ಬಹಳ ಮಂದಿ. ಹಾಗಿದ್ದರೆ ತಪ್ಪು ವಿಂಡೋಸಿನದೇ ಆಗಬೇಕೆಂದಿಲ್ಲ. ಹಾರ್ಡ್‌ಡಿಸ್ಕ್ ಸವೆಯುತ್ತಿದ್ದರೆ ಅದರ ಮೇಲೆ ಎಷ್ಟು ಸಲ ಹೊಸ ವಿಂಡೋಸ್ ಹಾಕಿದರೂ ತಿಂಗಳೊಳಗೆ ಅದೇ ರಾಗ. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಕೆಟ್ಟ ಜಾಗ ಬಿಟ್ಟು ಮೀಸಲು ಜಾಗಕ್ಕೆ ಎಷ್ಟು ಸೆಕ್ಟರ್ ಸಾಗಿಸಿದ್ದೇನೆ ಎಂಬುದೂ ಅದರಲ್ಲಿರುತ್ತದೆ. ಆ ಅಂಕಿ ಏರುತ್ತಿದ್ದರೆ ಮಿಕ್ಕ ಮಾತು ಬೇಡ, ಮೊದಲು ಡೇಟಾ ತೆಗೆದಿಡಬೇಕು. ರ‍್ಯಾಮಿನ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಬದಲಿಸುವುದು ಇವೆಲ್ಲ ಬಲ್ಲವನಿಗೆ ಹತ್ತು ನಿಮಿಷದ ಕೆಲಸ.

ಡ್ರೈವರ್ ಹುಡುಕುವಾಗ ಮಾತ್ರ ಕಸುಬು ಎದ್ದು ಕಾಣುತ್ತದೆ. ಯಂತ್ರದ ಪ್ರತಿ ಚಿಪ್ಪಿನೊಂದಿಗೂ ವಿಂಡೋಸ್ ವ್ಯವಹರಿಸಬೇಕಾದರೆ ಅದಕ್ಕೆ ತಕ್ಕ ಡ್ರೈವರ್ ಬೇಕು. ಗ್ರಾಫಿಕ್ಸಿನದು ಸಿಗದಿದ್ದಾಗ ವಿಂಡೋಸ್ ತನ್ನ ಬುಡಮಟ್ಟದ ಡ್ರೈವರಿನಲ್ಲೇ ಕಾಲ ಹಾಕುತ್ತದೆ. ಅಕ್ಷರ ದಪ್ಪ ಕಾಣುವುದು ಅದಕ್ಕೇ. ನೆಟ್‌ವರ್ಕಿನದು ಇಲ್ಲದಿದ್ದರೆ ಮಿಕ್ಕ ಡ್ರೈವರುಗಳನ್ನು ಇಳಿಸಿಕೊಳ್ಳುವ ದಾರಿಯೇ ಬಂದ್. ಆಗ ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತಿನ ಮುಂದೆ ‘ಅಪರಿಚಿತ ಸಾಧನ’ ಎಂದಷ್ಟೇ ಇರುತ್ತದೆ. ಆದರೆ ಅದರ ಪ್ರಾಪರ್ಟೀಸ್ ಒಳಗೆ, ಡೀಟೇಲ್ಸ್ ಪುಟದ ಹಾರ್ಡ್‌ವೇರ್ ಐಡಿಯಲ್ಲಿ ಚಿಪ್ಪಿನ ಕುಲಗೋತ್ರವೇ ಬರೆದಿದೆ. ನಾಲ್ಕು ಅಕ್ಷರಾಂಕೆಗಳ ಎರಡು ಗುಂಪು: ಮೊದಲನೆಯದು ತಯಾರಕ, ಎರಡನೆಯದು ಮಾದರಿ. 8086 ಅಂದರೆ ಇಂಟೆಲ್. ಆ ಕಂಪನಿ 1978ರಲ್ಲಿ ಹೊರತಂದ ಹೆಸರಾಂತ ಪ್ರೊಸೆಸರಿನ ಸಂಖ್ಯೆಯೂ ಅದೇ. 10ಡಿಇ ಅಂದರೆ ಎನ್‌ವಿಡಿಯಾ, 10ಇಸಿ ಅಂದರೆ ರಿಯಲ್‌ಟೆಕ್. 10ಇಸಿಯ ಜೊತೆ 8168 ಕಂಡರೆ ಅದು ರಿಯಲ್‌ಟೆಕ್‌ನ ಗಿಗಾಬಿಟ್ ಲ್ಯಾನ್ ಚಿಪ್ಪು. ಪಳಗಿದವರು ಈ ಸಂಖ್ಯೆ ನೋಡಿದೊಡನೆ ತಮ್ಮ ಪೆನ್‌ಡ್ರೈವಿನಿಂದ ಸರಿಯಾದ ಡ್ರೈವರ್ ಎತ್ತಿ ಹಾಕುತ್ತಾರೆ. ಎಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಹಾಕಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರುಗಳಿವೆ. ಬೇಡದ್ದನ್ನೂ ಜೊತೆಗೆ ತಂದು ತುಂಬುವ ಅವುಗಳನ್ನು ದೂರವಿಡುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

‘ಅಂಗಡೀಲಿ ಚೆನ್ನಾಗೇ ಓಡ್ತಿತ್ತು, ಮನೆಗೆ ತಂದ್ರೆ ಆನ್ ಆಗಲ್ಲ’ ಎಂಬ ದೂರಿಗೆ ಅನೇಕ ಸಲ ಕಾರಣ ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಸೆಲ್ಲು. ಸಿಆರ್2032, ಮೂರು ವೋಲ್ಟು, 20 ಮಿಲಿಮೀಟರ್ ಅಗಲ. ಗಡಿಯಾರ ನಡೆಸುವುದು, ಬಯೋಸ್ ಸೆಟ್ಟಿಂಗ್ ನೆನಪಿನಲ್ಲಿಡಲು ಕರೆಂಟ್ ಕೊಡುವುದು ಇದರ ಕೆಲಸ. ಗೋಡೆಯ ಸ್ವಿಚ್ ಆನ್ ಇರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಸಣ್ಣ ಪ್ರಮಾಣದ ವಿದ್ಯುತ್ ಬರುತ್ತಲೇ ಇರುತ್ತದೆ. ಹಾಗಾಗಿ ದಿನವಿಡೀ ಪ್ಲಗ್ಗಿಗೆ ಚುಚ್ಚಿರುವ ಅಂಗಡಿಯಲ್ಲಿ ಸೆಲ್ಲು ಸತ್ತಿದ್ದು ಗೊತ್ತಾಗುವುದಿಲ್ಲ. ಮನೆಯಲ್ಲಿ ರಾತ್ರಿ ಮಲಗುವಾಗ ಮೇನ್ ಸ್ವಿಚ್ ಆರಿಸುತ್ತೇವೆ, ಇಲ್ಲವೇ ಕರೆಂಟ್ ಹೋಗುತ್ತದೆ. ಬೆಳಿಗ್ಗೆ ಹೊತ್ತಿಗೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ತಾರೀಖು ತಪ್ಪಿದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಬ್ರೌಸರಿಗೆ ಇನ್ನೂ ಜಾರಿಗೇ ಬಾರದ್ದಾಗಿ ಕಾಣುತ್ತದೆ. ನೆಟ್ ಇದ್ದರೂ ಒಂದು ಪುಟವೂ ನೆಟ್ಟಗೆ ತೆರೆಯುವುದಿಲ್ಲ. ಇನ್ನೂ ಕಷ್ಟದ್ದೆಂದರೆ, ಬಯೋಸ್ ಮೂಲ ಸೆಟ್ಟಿಂಗಿಗೆ ಮರಳಿದಾಗ ಕೆಲವು ಹಳೆಯ ಬೋರ್ಡುಗಳಲ್ಲಿ ಡಿಸ್ಕಿನ ಮೋಡ್ ಎಎಚ್‌ಸಿಐನಿಂದ ಐಡಿಇಗೆ ಜಾರುತ್ತದೆ. ವಿಂಡೋಸ್ ಹಾಕಿದ್ದು ಒಂದು ಮೋಡಿನಲ್ಲಿ, ಈಗಿರುವುದು ಇನ್ನೊಂದು. ನೀಲಿ ಪರದೆ, ಅದರಲ್ಲಿ 7ಬಿ ಎಂಬ ಎರರ್. ಇದನ್ನು ಕಂಡು ಗಾಬರಿಯಿಂದ ಮತ್ತೆ ಫಾರ್ಮ್ಯಾಟ್ ಮಾಡಿಸುವವರಿದ್ದಾರೆ. ಸೆಲ್ಲು ಬದಲಿಸಿ, ಬಯೋಸಿನಲ್ಲಿ ಒಂದು ಸಾಲು ತಿದ್ದಿದರೆ ಸಾಕಿತ್ತು.

ನಮ್ಮ ಕಡೆಯ ಅಂಗಡಿಗಳಿಗೆ ಮಾತ್ರ ಗೊತ್ತಿರುವ ಇನ್ನೊಂದು ಕೆಲಸವಿದೆ: ಕನ್ನಡ ಸರಿಮಾಡುವುದು. ಡಿಟಿಪಿ ಅಂಗಡಿ, ವಕೀಲರ ಕಚೇರಿ, ಸಹಕಾರ ಸಂಘಗಳ ಹಳೆಯ ಕಡತಗಳು ಯೂನಿಕೋಡಿಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿವೆ. ಈ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿವೆ. ಫಾರ್ಮ್ಯಾಟಿನಲ್ಲಿ ಫಾಂಟು ಅಳಿಸಿಹೋದರೆ ಒಳಗಿನ ಸಂಕೇತಗಳೇ ಹೊರಗೆ ಬರುತ್ತವೆ. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದ್ದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೆರೆ ಹೊತ್ತ ‘ಎ’, ಪೌಂಡಿನ ಗುರುತು, ಜರ್ಮನ್ನಿನ ಒಂದು ಅಕ್ಷರ ಸಾಲಾಗಿ ನಿಂತಿರುತ್ತವೆ. ಫೈಲು ಕೆಟ್ಟಿಲ್ಲ, ಆ ಫಾಂಟು ಮತ್ತೆ ಹಾಕಿದರೆ ಇಡೀ ಪುಟ ಮರಳಿ ಬರುತ್ತದೆ. ಯೂನಿಕೋಡಿನಲ್ಲೂ ಒಂದು ಸೂಕ್ಷ್ಮವಿದೆ. ವಿಂಡೋಸ್ 10ರಲ್ಲಿ ಕನ್ನಡದ ಹಳೆಯ ‘ತುಂಗಾ’ ಫಾಂಟು ತಾನಾಗಿ ಬರದೆ ಇರಬಹುದು, ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಆಪ್ಷನಲ್ ಫೀಚರ್ಸ್‌ನಲ್ಲಿ ಆರಿಸಿ ಹಾಕಿಕೊಳ್ಳಬೇಕಾಗುತ್ತದೆ. ಅದಿಲ್ಲದೆ ತುಂಗಾದಲ್ಲಿ ಮಾಡಿದ ಪುಟ ಬೇರೆ ಫಾಂಟಿನಲ್ಲಿ ತೆರೆದು ಸಾಲುಗಳು ಹಿಗ್ಗಿ, ಕೋಷ್ಟಕದ ಗೆರೆ ದಾಟುತ್ತವೆ. ಶ್ರೀಲಿಪಿಯಂಥ ತಂತ್ರಾಂಶಕ್ಕೆ ಹಾರ್ಡ್‌ಲಾಕ್ ಕೀಲಿ (ಡಾಂಗಲ್) ಇದ್ದರೆ ಅದರ ಡ್ರೈವರ್ ಬೇರೆಯೇ ಬೇಕು. ಅದಕ್ಕೇ ತಿಳಿದವರು ಫಾರ್ಮ್ಯಾಟಿಗೆ ಕೈಹಾಕುವ ಮುಂಚೆ ಡಾಕ್ಯುಮೆಂಟುಗಳ ಜೊತೆ ವಿಂಡೋಸಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಕೊಳ್ಳುತ್ತಾರೆ. ಗಿರಾಕಿಗೆ ಇದು ಹೊಳೆಯುವುದಿಲ್ಲ, ಹೇಳಿ ಮಾಡಿಸಿಕೊಳ್ಳಬೇಕು.

ಎಲ್ಲ ಯಂತ್ರವನ್ನೂ ಉಳಿಸಬೇಕೆಂದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11 ಟಿಪಿಎಂ 2.0 ಚಿಪ್ಪನ್ನೂ ಸುಮಾರಾಗಿ ಇಂಟೆಲ್‌ನ ಎಂಟನೇ ತಲೆಮಾರಿನಿಂದೀಚಿನ ಪ್ರೊಸೆಸರನ್ನೂ ಕೇಳುತ್ತದೆ. ಹಳೆಯ ಕೋರ್ 2 ಡುಯೊ ಯಂತ್ರಕ್ಕೆ ಅದು ಎಟುಕದು. ಅಂಥದ್ದಕ್ಕೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಕೂರಿಸಿದರೆ ಮಕ್ಕಳ ಓದಿಗೆ, ಯೂನಿಕೋಡ್ ಟೈಪಿಂಗಿಗೆ ಚೆನ್ನಾಗಿಯೇ ಓಡುತ್ತದೆ. ಪೇಜ್‌ಮೇಕರ್ ಬಿಡಲಾಗದ ಡಿಟಿಪಿಯವರು ಹಳೆಯ ವಿಂಡೋಸನ್ನೇ ಇಟ್ಟುಕೊಳ್ಳಲಿ, ಆದರೆ ನೆಟ್ ಕೇಬಲ್ ಕಿತ್ತಿಡಲಿ, ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡ. ಬೋರ್ಡಿನ ಮೇಲೆ ಕೆಪಾಸಿಟರುಗಳು ತಲೆ ಉಬ್ಬಿಸಿ ನಿಂತಿದ್ದರೆ, ಡಿಸ್ಕೂ ಸವೆದಿದ್ದರೆ, ‘ಇದಕ್ಕೆ ದುಡ್ಡು ಹಾಕಬೇಡಿ ಸಾರ್, ಡೇಟಾ ತೆಗೆದುಕೊಡ್ತೀನಿ’ ಎನ್ನುವವನ ಬಳಿಯೇ ಮುಂದಿನ ಕಂಪ್ಯೂಟರನ್ನೂ ಮಾಡಿಸಿಕೊಳ್ಳಿ.